ಕಾಲು ನುಡಿದ ಸಾಕ್ಷಿ

ಪಾಂಡವಪುರದಿಂದ ಮೇಲುಕೋಟೆಯ ಕಡೆಗೆ ಸಾಗುವ ಹಾದಿಯಲ್ಲಿ, ಕಬ್ಬು ಅರೆಯುವ ಕಾಲದ ಒಂದು ಮುಸ್ಸಂಜೆ, ಬಾರದ ಬಸ್ಸನ್ನು ಕಾಯುತ್ತ ಚಹದಂಗಡಿಯ ಕಲ್ಲುಚಪ್ಪಡಿಯ ಮೇಲೆ ನಾನು ಕುಳಿತಿದ್ದಾಗ, ಹೊರಲಾರದಷ್ಟು ಕಬ್ಬನ್ನು ಹೊತ್ತು ತೂಗಾಡುತ್ತ ಬಂದ ಟ್ರ್ಯಾಕ್ಟರೊಂದು ಅಂಗಡಿಯ ಮುಂದೆ ನಿಂತಿತು; ಎಂಜಿನಿನ ಸದ್ದು ಅಡಗಿದರೂ ಚಾಲಕನ ಪೀಠದ ಹಿಂದೆ ಕಟ್ಟಿದ್ದ ಎರಡು ಧ್ವನಿಪೆಟ್ಟಿಗೆಗಳ ಸದ್ದು ಅಡಗಲಿಲ್ಲ. ನಮ್ಮ ಸೀಮೆಯಲ್ಲಿ ಕಬ್ಬಿನ ಗಾಡಿಗೂ ಹಾಡಿಗೂ ಇರುವ ನಂಟು ಎಲ್ಲರೂ ಬಲ್ಲದ್ದೇ. ಇರುಳೆಲ್ಲ ಎಚ್ಚರವಿರಬೇಕಾದ ಆಲೆಮನೆಯವನಿಗೆ ಒಲೆಯ ಉರಿ ಎಷ್ಟು ಬೇಕೋ ಹಾಡೂ ಅಷ್ಟೇ ಬೇಕು. ಅಂದು ಮೊಳಗುತ್ತಿದ್ದದ್ದು ಶಂಕರ್‌ನಾಗ್ ನಿರ್ದೇಶಿಸಿ ನಟಿಸಿದ ‘ಗೀತಾ’ ಚಿತ್ರಕ್ಕಾಗಿ 1981ರಲ್ಲಿ ಇಳಯರಾಜ ಸಂಯೋಜಿಸಿ ಎಸ್.ಪಿ. ಬಾಲಸುಬ್ರಹ್ಮಣ್ಯಂ ಹಾಡಿದ ಉಲ್ಲಾಸದ ಗೀತೆಯೊಂದು. ಆದರೆ ಅದರ ಅಡಿಯಲ್ಲಿ ಯಾರೋ ಈಚೆಗೆ ಸೇರಿಸಿದ ಮದ್ದಳೆಯಂಥ ಗುದ್ದೊಂದು, ಎದೆಯ ಗೂಡಿಗೆ ನೇರವಾಗಿ ಬಡಿಯುವಂತೆ, ಸಮಾಂತರದಲ್ಲಿ ಬೀಳುತ್ತಿತ್ತು.

ಹಾಡನ್ನು ಕೆಡಿಸಿದರಲ್ಲ ಎಂದು ನನ್ನ ಮನಸ್ಸು ಕೂಡಲೆ ತೀರ್ಪು ಬರೆಯತೊಡಗಿತು. ಆ ತೀರ್ಪಿನ ಮೊದಲ ವಾಕ್ಯ ಮುಗಿಯುವ ಮುನ್ನವೆ ಚಾಲಕ ತರುಣನು ನನ್ನ ಪಾದವನ್ನು ನೋಡಿ ನಕ್ಕನು. ಎಪ್ಪತ್ತು ದಾಟಿದ ಪಾದ. ಮಂಡಿಯ ನೋವಿಗೆ ಎಣ್ಣೆ ತಿಕ್ಕಿಸಿಕೊಂಡು ಬಂದಿದ್ದ ಪಾದ. ಅದು ನನ್ನ ಅಪ್ಪಣೆಯನ್ನು ಕೇಳದೆಯೆ ಚಪ್ಪಲಿಯೊಳಗೆ ತಾಳ ಹಾಕುತ್ತಿತ್ತು. “ಹಳೇದೇ ಕಣ್ ಮೇಷ್ಟ್ರೇ, ಬೀಟ್ ಮಾತ್ರ ಹೊಸ್ದು” ಎಂದು ಅವನು ಸಮಾಧಾನ ಹೇಳಿದನು. ಅವನ ಮಾತಿನಲ್ಲಿ ವಿನಯವಿತ್ತು, ಕ್ಷಮೆಯಿತ್ತು. ಅಪರಾಧಿಯು ತನ್ನ ನ್ಯಾಯಾಧೀಶನನ್ನು ಸಾಕ್ಷಿಯ ಕಟಕಟೆಯಲ್ಲಿ ಕಂಡಾಗ ತೋರುವ ಸೌಜನ್ಯವೂ ಇತ್ತು. ಅಂದಿನಿಂದ ನನ್ನನ್ನು ಕಾಡುತ್ತಿರುವ ಪ್ರಶ್ನೆಯನ್ನು ಓದುಗರ ಮುಂದಿಡುತ್ತೇನೆ: ಕುಣಿತಕ್ಕೆಂದೇ ಹುಟ್ಟಿದ ಸಂಗೀತದ ವಿಷಯದಲ್ಲಿ ಕೇಳುಗನ ನಿಜವಾದ ಪ್ರತಿಕ್ರಿಯೆ ಯಾವುದು? ಬಾಯಿ ಆಡುವ ಮಾತೆ, ಕಾಲು ಆಡುವ ಮಾತೆ?

ಈ ಪ್ರಶ್ನೆಯನ್ನು ಎತ್ತಲು ನನಗೆ ಹಳೆಯ ಪಾಪವೊಂದರ ಕಾರಣವೂ ಉಂಟು. ನಾನು ಮೈಸೂರಿನಲ್ಲಿ ಓದುತ್ತಿದ್ದ ಕಡೆಯ ದಿನಗಳಲ್ಲಿ, ‘ಕುರ್ಬಾನಿ’ ಚಿತ್ರದ ಧ್ವನಿಸುರುಳಿಯೊಂದು ನಮ್ಮ ವಿದ್ಯಾರ್ಥಿನಿಲಯಕ್ಕೆ ಬಂದು, ಅದರಲ್ಲಿಯ ಡಿಸ್ಕೊ ಗೀತೆಯೊಂದು ಕೊಠಡಿಯಿಂದ ಕೊಠಡಿಗೆ ಜ್ವರದಂತೆ ಹರಡಿತು. ನಾವು ಕೆಲವರು, ಕಛೇರಿಗಳಲ್ಲಿ ಹಿಂದಿನ ಸಾಲಿನಲ್ಲಿ ಕುಳಿತು ತಲೆದೂಗಲು ಕಲಿತಿದ್ದವರು, ಅದನ್ನು ಗದ್ದಲವೆಂದು ತಳ್ಳಿಹಾಕಿದೆವು. ಸಾಹಿತ್ಯವಿಲ್ಲದ್ದು, ರಾಗವಿಲ್ಲದ್ದು, ಪರದೇಶದಿಂದ ಎರವು ತಂದದ್ದು ಎಂದು ರಾತ್ರಿ ಊಟದ ಹೊತ್ತಿನಲ್ಲಿ ಉಪನ್ಯಾಸ ಮಾಡಿದೆವು. ಉಪನ್ಯಾಸವೆಲ್ಲ ಮುಗಿದು ದೀಪವಾರಿದ ಮೇಲೆ, ಪಕ್ಕದ ಕೊಠಡಿಯಿಂದ ಅದೇ ಹಾಡು ತೇಲಿಬಂದಾಗ, ಹೊದಿಕೆಯ ಕೆಳಗೆ ಕಾಲ್ಬೆರಳುಗಳು ಏನು ಮಾಡುತ್ತಿದ್ದುವೆಂಬುದನ್ನು ಮಾತ್ರ ನಾವು ಯಾರೂ ಚರ್ಚೆಗೆ ಇಟ್ಟುಕೊಳ್ಳಲಿಲ್ಲ.

ಎರವು ಎಂದು ನಾವು ಬೈದ ಆ ಹಾಡಿನ ಜಾತಕವನ್ನು ಬಹುಕಾಲದ ಮೇಲೆ ಅರಿತಾಗ ನನಗಾದ ಲಜ್ಜೆಯನ್ನು ಹೇಗೆ ಹೇಳಲಿ! 1980ರ ಆ ಚಿತ್ರವನ್ನು ನಿರ್ಮಿಸಿ ನಿರ್ದೇಶಿಸಿದ ಫಿರೋಜ್ ಖಾನ್ ಹುಟ್ಟಿದ್ದು ಬೆಂಗಳೂರಿನಲ್ಲಿ. ಆ ಡಿಸ್ಕೊ ಗೀತೆಯನ್ನು ಸಂಯೋಜಿಸಿದ ಬಿದ್ದು ಅಪ್ಪಯ್ಯನೂ ಬೆಂಗಳೂರಿನಲ್ಲಿ ಹುಟ್ಟಿ ಬೆಳೆದ ಕೊಡವ. ತಾರುಣ್ಯದಲ್ಲಿ ಗಿಟಾರು ಹಿಡಿದು ವಾದ್ಯಮೇಳ ಕಟ್ಟಿ, ಅರವತ್ತರ ದಶಕದಲ್ಲಿ ಲಂಡನ್ ಸೇರಿ, ಹೊಟ್ಟೆಪಾಡಿಗೆ ಸಿಕ್ಕ ಕೆಲಸ ಮಾಡಿಕೊಂಡು, ಕಡೆಗೆ 1974ರಲ್ಲಿ ಜಮೈಕದಿಂದ ಬಂದ ಗಾಯಕ ಕಾರ್ಲ್ ಡಗ್ಲಸ್‌ನಿಂದ ‘ಕುಂಗ್ ಫು ಫೈಟಿಂಗ್’ ಎಂಬ ಹಾಡನ್ನು ಹಾಡಿಸಿದವನು ಇವನೇ. ಗ್ರಾಮಫೋನ್ ತಟ್ಟೆಯ ಹಿಂಬದಿಯನ್ನು ತುಂಬಲೆಂದು, ಧ್ವನಿಮುದ್ರಣದ ಸಮಯವು ಮುಗಿಯುತ್ತಿದ್ದಾಗ ಉಳಿದ ಕೆಲವೇ ನಿಮಿಷಗಳಲ್ಲಿ ಮುದ್ರಿಸಿದ ಆ ಹಾಡು ಇಂಗ್ಲೆಂಡಿನಲ್ಲಿಯೂ ಅಮೆರಿಕದಲ್ಲಿಯೂ ಪ್ರಥಮ ಸ್ಥಾನಕ್ಕೇರಿ, ಒಂದು ಕೋಟಿಗೂ ಮಿಕ್ಕ ಪ್ರತಿಗಳಲ್ಲಿ ಮಾರಾಟವಾಯಿತು. ಅಂದಮೇಲೆ ಪಶ್ಚಿಮದಿಂದ ನಮ್ಮೂರಿಗೆ ಬಂದ ಡಿಸ್ಕೊವನ್ನು ಪಶ್ಚಿಮಕ್ಕೆ ಕೊಟ್ಟವರಲ್ಲಿ ನಮ್ಮ ನಾಡಿನವನೊಬ್ಬನಿದ್ದನು. ‘ಕುರ್ಬಾನಿ’ಯಲ್ಲಿ ಹಾಡಿದ ಕರಾಚಿಯ ಹುಡುಗಿ ನಾಜಿಯಾ ಹಸನ್‌ಗೆ ಆಗ ಹದಿನೈದರ ಹರೆಯ. 1981ರಲ್ಲಿ ಅವಳೂ ಅವಳ ತಮ್ಮ ಜೊಹೇಬನೂ ಬಿದ್ದುವಿನ ಸಂಗೀತದಲ್ಲಿ ಹೊರತಂದ ‘ಡಿಸ್ಕೊ ದೀವಾನೆ’ ಎಂಬ ಧ್ವನಿಮುದ್ರಿಕೆಯನ್ನು ಗಡಿಯ ಎರಡೂ ಬದಿಯ ಹುಡುಗರು ಏಕಕಾಲಕ್ಕೆ ಕುಣಿದು ಸವೆಸಿದರು. 2012ರಲ್ಲಿ ಒಂದು ಹಿಂದೀ ಚಿತ್ರವು ಅದೇ ಹಾಡನ್ನು ಮತ್ತೆ ಎತ್ತಿಕೊಂಡಾಗ, ಆ ಹುಡುಗರ ಮಕ್ಕಳು ಕುಣಿದರು.

ಕುಣಿತದ ಸಂಗೀತದ ಮೇಲೆ ಹೊರಿಸುವ ಆರೋಪಗಳು ಎಲ್ಲ ದೇಶಗಳಲ್ಲಿಯೂ ಮೂರೇ: ಗದ್ದಲ, ಎರವಲು, ಹಳಸಲು. ಈ ಮೂರನ್ನೂ ಹೊರಿಸಿದವರು ಪ್ರಾಯಶಃ ಕುಳಿತೇ ಇದ್ದವರೆಂಬುದು ಗಮನಾರ್ಹ. 1957ರ ಜನವರಿಯಲ್ಲಿ ಎಲ್ವಿಸ್ ಪ್ರೀಸ್ಲಿ ಅಮೆರಿಕದ ದೂರದರ್ಶನದ ಸುಪ್ರಸಿದ್ಧ ಕಾರ್ಯಕ್ರಮವೊಂದರಲ್ಲಿ ಮೂರನೆಯ ಸಲ ಹಾಡಿದಾಗ, ಕ್ಯಾಮೆರಾ ಅವನನ್ನು ಸೊಂಟದಿಂದ ಮೇಲಕ್ಕಷ್ಟೇ ತೋರಿಸಿತು. ಹಾಡಿಗೆ ಹಿರಿಯರ ಅಭ್ಯಂತರವಿರಲಿಲ್ಲ, ಕಾಲಿಗಿತ್ತು. ಇಪ್ಪತ್ತೆರಡು ವರ್ಷಗಳ ತರುವಾಯ, 1979ರ ಜುಲೈ 12ರಂದು, ಶಿಕಾಗೊ ನಗರದ ಬೇಸ್‌ಬಾಲ್ ಮೈದಾನದಲ್ಲಿ ಎರಡು ಪಂದ್ಯಗಳ ನಡುವಿನ ವಿರಾಮದಲ್ಲಿ, ಜನರು ತಂದು ಒಪ್ಪಿಸಿದ ಡಿಸ್ಕೊ ತಟ್ಟೆಗಳನ್ನು ಒಂದು ಪೆಟ್ಟಿಗೆಯಲ್ಲಿ ತುಂಬಿ ಮದ್ದಿಟ್ಟು ಸಿಡಿಸಿದರು. ಸಾವಿರಾರು ಮಂದಿ ಮೈದಾನಕ್ಕೆ ನುಗ್ಗಿ ಹುಲ್ಲಿಗೆ ಬೆಂಕಿಯಿಟ್ಟು, ಎರಡನೆಯ ಪಂದ್ಯವೇ ನಡೆಯದೆ ಹೋಯಿತು. ಅದು ಸಂಗೀತಾಭಿರುಚಿಯ ಜಗಳವೆಂದು ಅಂದು ಹೇಳಿದರು. ಆದರೆ ಡಿಸ್ಕೊವನ್ನು ಕಟ್ಟಿ ಬೆಳೆಸಿದವರು ಬಹುಮಟ್ಟಿಗೆ ಕಪ್ಪು ಜನರು, ಲ್ಯಾಟಿನ್ ಅಮೆರಿಕ ಮೂಲದವರು, ಸಮಾಜದಿಂದ ಮರೆಯಾಗಿ ಬಾಳಬೇಕಾಗಿದ್ದ ಸಲಿಂಗಪ್ರೇಮಿಗಳು ಎಂಬುದನ್ನು ನೆನೆದವರಿಗೆ, ಸಿಡಿದದ್ದು ತಟ್ಟೆಗಳಷ್ಟೇ ಅಲ್ಲವೆಂಬ ಸಂದೇಹ ಹುಟ್ಟುವುದು ಸಹಜ. ತಾಳದ ಮೇಲಿನ ತಾತ್ಸಾರದ ಬೆನ್ನಿಗೆ ತಾಳಗಾರನ ಮೇಲಿನ ತಾತ್ಸಾರವೂ ಬರುತ್ತದೆ. ಈ ಮಾತಿಗೆ ಮುಂದೆ ನಾಗಮಂಗಲದ ಸೀಮೆಯಲ್ಲಿ ಮತ್ತೆ ಬರಬೇಕಾಗುವುದು.

ನಾವಾದರೋ ಇಂಥ ಅವಿವೇಕಕ್ಕೆ ಹೊರತಾದವರೆಂದು ಬೀಗುವಂತಿಲ್ಲ. ಹಾರ್ಮೋನಿಯಂ ಪರದೇಶದ್ದು, ಗಮಕವನ್ನು ನುಡಿಸಲಾರದ್ದು ಎಂಬ ಕಾರಣದಿಂದ 1940ರಲ್ಲಿ ಆಕಾಶವಾಣಿಯು ಅದಕ್ಕೆ ಬಹಿಷ್ಕಾರ ಹಾಕಿತು. ಆ ಬಹಿಷ್ಕಾರ ಸಡಿಲಲು ಮೂರು ದಶಕಗಳು ಬೇಕಾದುವು. ಆ ಮೂವತ್ತು ವರ್ಷಗಳಲ್ಲಿ ಮಂಡ್ಯದ ಸೀಮೆಯ ಹಳ್ಳಿಗಳಲ್ಲಿ ‘ಕುರುಕ್ಷೇತ್ರ’ ನಾಟಕವಾಡದ ಊರಾವುದು? ಹಾರ್ಮೋನಿಯಂ ಮೇಷ್ಟರಿಲ್ಲದೆ ಆಡಿದ ‘ಕುರುಕ್ಷೇತ್ರ’ವಾವುದು? ಹಗಲು ಗದ್ದೆಯಲ್ಲಿ ಕೆಸರು ತುಳಿದು ಇರುಳು ದುರ್ಯೋಧನನಾಗುವ ರೈತನಿಗೆ ಶ್ರುತಿ ಕೊಟ್ಟು, ಮರೆತ ಸಾಲನ್ನು ಗುಟ್ಟಾಗಿ ನೆನಪಿಸಿ, ಏರುಸ್ವರದಲ್ಲಿ ಅವನ ಉಸಿರು ಕಟ್ಟಿದಾಗ ತಾನೇ ಎರಡು ಆವರ್ತ ನುಡಿಸಿ ಮಾನ ಉಳಿಸುವವರು ಆ ಮೇಷ್ಟರು. ಪ್ರೇಕ್ಷಕರು ‘ಒನ್ಸ್‌ಮೋರ್’ ಎಂದು ಕೂಗಿದರೆ, ಸತ್ತು ಬಿದ್ದ ಅಭಿಮನ್ಯುವೂ ಎದ್ದು ಹಾಡಬೇಕಾಗುವ ಆ ರಂಗದಲ್ಲಿ, ಕೇಳುಗರ ಪ್ರತಿಕ್ರಿಯೆಯೇ ಪರಮಪ್ರಮಾಣ. 1952ರಲ್ಲಿ ಕೇಂದ್ರದ ಮಂತ್ರಿ ಬಿ.ವಿ. ಕೇಸ್ಕರರು ಚಿತ್ರಗೀತೆಗಳನ್ನು ಆಕಾಶವಾಣಿಯಿಂದ ದೂರವಿಡಲು ಹೊರಟಾಗ ಇಡೀ ದೇಶದ ಕೇಳುಗರು ರೇಡಿಯೊ ಸಿಲೋನಿನ ಕಡೆಗೆ ಕಿವಿ ತಿರುಗಿಸಿದರು. 1957ರಲ್ಲಿ ‘ವಿವಿಧ ಭಾರತಿ’ಯನ್ನು ಆರಂಭಿಸಿ ಸರ್ಕಾರವೇ ಸೋಲೊಪ್ಪಿತು. ಅಭಿರುಚಿಯನ್ನು ಆಜ್ಞೆಯಿಂದ ಬಿತ್ತಲಾಗದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನವನ್ನು ನಾನು ಕಾಣೆ.

ಒಂದೇ ವರ್ಷ ಹುಟ್ಟಿದ ಎರಡು ಸಂಗೀತಗಳ ಗತಿಯನ್ನು ನೋಡಿ. 1978ರಲ್ಲಿ ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಗಳು ರಾಗ ಕಟ್ಟಿದ ‘ನಿತ್ಯೋತ್ಸವ’ ಧ್ವನಿಸುರುಳಿ ಹೊರಬಂದಿತು. ಅದೇ ವರ್ಷ, ದೊರೆ–ಭಗವಾನರ ‘ಆಪರೇಷನ್ ಡೈಮಂಡ್ ರಾಕೆಟ್’ ಚಿತ್ರದಲ್ಲಿ, ಜಿ.ಕೆ. ವೆಂಕಟೇಶರ ಸಂಗೀತದಲ್ಲಿ, ಡಾ. ರಾಜ್‌ಕುಮಾರರು ಗಡಿಯಾರದ ತಾಳಕ್ಕೆ ಇಂಗ್ಲಿಷ್ ಹಾಡೊಂದನ್ನು ಹಾಡಿ ಕುಣಿದರು. ಕವಿತೆಯನ್ನು ಹಾಡಾಗಿಸಿದರೆ ಅರ್ಥಕ್ಕೆ ಊನವೆಂದು ಮೂಗು ಮುರಿದ ಪಂಡಿತರು ಅಂದಿಗೂ ಇದ್ದರು. ಕಿಕ್ಕೇರಿಯಲ್ಲಿ ಹುಟ್ಟಿದ ಕೆ.ಎಸ್. ನರಸಿಂಹಸ್ವಾಮಿಗಳ ‘ಮೈಸೂರ ಮಲ್ಲಿಗೆ’ ಪುಸ್ತಕರೂಪದಲ್ಲಿ 1942ರಲ್ಲಿಯೇ ಮನೆಮನೆಗೆ ಹೋಗಿದ್ದರೂ, ಓದು ಬಾರದ ನನ್ನ ಅತ್ತೆಯಂಥವರ ನಾಲಗೆಗೆ ಅದು ಬಂದದ್ದು ಸುಗಮಸಂಗೀತದವರ ಕಂಠದಿಂದ ಎಂಬುದನ್ನು ಆ ಪಂಡಿತರು ಲೆಕ್ಕಕ್ಕೆ ಹಿಡಿಯಲಿಲ್ಲ. ರಾಜ್‌ಕುಮಾರರ ಇಂಗ್ಲಿಷ್ ಹಾಡಿನ ಕಥೆ ಇನ್ನೂ ವಿಚಿತ್ರ. ಬಹು ವರ್ಷಗಳ ಮೇಲೆ ಕನ್ನಡವರಿಯದ ಪರವೂರಿನ ಹುಡುಗರು ಅದನ್ನು ಹುಡುಕಿ ತೆಗೆದು, ಪರಿಹಾಸ್ಯದ ವಸ್ತುವಾಗಿ ಒಬ್ಬರಿಂದೊಬ್ಬರಿಗೆ ದಾಟಿಸಿದರು. ನಗಬೇಕೆಂದು ಹತ್ತು ಸಲ ಕೇಳಿದವರು ಹನ್ನೊಂದನೆಯ ಸಲ ತಾವೇ ಗುನುಗಿದರು. ಗುನುಗಿದ ಮೇಲೆ ಅದರ ತಾಳಕ್ಕೆ ಮೈಯನ್ನೂ ಒಪ್ಪಿಸಿದರು. ಅಪಹಾಸ್ಯವಾಗಿ ಹೊರಟ ಮೆರವಣಿಗೆಯು ಉತ್ಸವವಾಗಿ ಗುಡಿ ಸೇರಿದ್ದನ್ನು ನಾನು ಕಣ್ಣಾರೆ ಕಂಡದ್ದು ಅದೊಂದೇ ಸಲ.

ಕಳೆದ ಬೇಸಗೆಯಲ್ಲಿ ಕಿಕ್ಕೇರಿಗೆ ಹತ್ತಿರದ ನಮ್ಮ ಅಕ್ಕನ ಮನೆಗೆ ಹೋಗಿದ್ದಾಗ, ಬೆಂಗಳೂರಿನಿಂದ ಬಂದಿದ್ದ ಅವಳ ಮೊಮ್ಮಗನು ‘ರ‍್ಯಾಂಡಮ್ ಆಕ್ಸೆಸ್ ಮೆಮೊರೀಸ್’ ಎಂಬ ಧ್ವನಿಮುದ್ರಿಕೆಯನ್ನು ಪಡಸಾಲೆಯಲ್ಲಿ ಹಾಕಿದನು. ‘ಡ್ಯಾಫ್ಟ್ ಪಂಕ್’ ಎಂಬ ಹೆಸರಿನ ಇಬ್ಬರು ಫ್ರೆಂಚರು 2013ರಲ್ಲಿ ಹೊರತಂದ ಮುದ್ರಿಕೆಯದು. ಮುಖ ಕಾಣದಂತೆ ಲೋಹದ ಶಿರಸ್ತ್ರಾಣ ಧರಿಸಿ, ತಮ್ಮನ್ನು ಯಂತ್ರಮಾನವರೆಂದೇ ತೋರಿಸಿಕೊಂಡು, ಯಂತ್ರಗಳಿಂದಲೇ ನೃತ್ಯಸಂಗೀತ ಮಾಡಿ ಜಗತ್ಪ್ರಸಿದ್ಧರಾಗಿದ್ದ ಇವರು, ಈ ಮುದ್ರಿಕೆಗಾಗಿ ಎಪ್ಪತ್ತರ ದಶಕದ ಡಿಸ್ಕೊ–ಫಂಕ್ ಮಾರ್ಗಕ್ಕೆ ಹಿಂದಿರುಗಿ, ಚರ್ಮದ ಮೇಲೆ ಕೋಲು ಬಡಿಯುವ, ತಂತಿಯ ಮೇಲೆ ಬೆರಳು ಹಾಯಿಸುವ ಮನುಷ್ಯರನ್ನೇ ಹುಡುಕಿ ಕರೆತಂದರು. ಡ್ರಮ್ಮಿಗೆ ಓಮರ್ ಹಕೀಮ್, ಜಾನ್ ರಾಬಿನ್‌ಸನ್. ಗಿಟಾರಿಗೆ ನೈಲ್ ರಾಜರ್ಸ್. ಕೇಳುಗರು ಇಬ್ಭಾಗವಾದರು. ನಮ್ಮ ಯಂತ್ರಮಾನವರು ನಮಗೆ ದ್ರೋಹ ಮಾಡಿದರೆಂದು ಹಳೆಯ ಅಭಿಮಾನಿಗಳಲ್ಲಿ ಕೆಲವರು ಗೊಣಗಿದರು; ಇದರಲ್ಲಿ ಹೊಸತೇನಿದೆ, ನಾವು ಹರೆಯದಲ್ಲಿ ಕೇಳಿದ್ದೇ ಅಲ್ಲವೆ ಎಂದು ಮುಪ್ಪಿನವರು ಕೇಳಿದರು; ಎರಡನ್ನೂ ಅರಿಯದ ಎಳೆಯರು ಎದ್ದು ಕುಣಿದರು. 2014ರ ಜನವರಿ 26ರಂದು ವರ್ಷದ ಶ್ರೇಷ್ಠ ಧ್ವನಿಮುದ್ರಿಕೆಗೆಂದು ಮೀಸಲಾದ ಗ್ರ್ಯಾಮಿ ಪ್ರಶಸ್ತಿಯು ಅದಕ್ಕೆ ಸಂದಾಗ ವೇದಿಕೆಯ ಮೇಲೆ ಇದ್ದವರಲ್ಲಿ ನೈಲ್ ರಾಜರ್ಸನೂ ಒಬ್ಬನು. ಶಿಕಾಗೊ ಮೈದಾನದಲ್ಲಿ ತಟ್ಟೆಗಳು ಸಿಡಿದ 1979ರ ಬೇಸಗೆಯಲ್ಲಿ ಡಿಸ್ಕೊ ಕಟ್ಟುತ್ತಿದ್ದ ಪ್ರಮುಖರಲ್ಲಿ ಅವನೂ ಇದ್ದನು. ಆ ಸಿಡಿತದ ತರುವಾಯ ಅವನ ಮೇಳದ ಹಾಡುಗಳಿಗೆ ಬಾಗಿಲುಗಳು ಒಂದೊಂದಾಗಿ ಮುಚ್ಚಿದ್ದುವು. ತೀರ್ಪು ತಿರುಗಿ ಬರೆಯಲು ಜಗತ್ತಿಗೆ ಮೂವತ್ತೈದು ವರ್ಷಗಳು ಹಿಡಿದುವು. ಅವನ ಕೈಬೆರಳು ಮಾತ್ರ ಅಷ್ಟೂ ಕಾಲ ಅದೇ ಮಾತನ್ನು ಹೇಳುತ್ತಿತ್ತು.

ನಮ್ಮ ಪಡಸಾಲೆಯ ಪ್ರತಿಕ್ರಿಯೆಗಳೂ ಲೋಕದ ಪ್ರತಿಕ್ರಿಯೆಗಳಿಗಿಂತ ಬಡವಾಗಿರಲಿಲ್ಲ. ಇದು ನಮ್ಮ ಕಾಲದ್ದೇ ಅಲ್ಲವೇನೋ ಎಂದು ನಾನು ಹೆಮ್ಮೆಯಿಂದ ಕೇಳಿದರೆ, ಹುಡುಗನು “ಹೂಂ ತಾತ, ತುಂಬಾ ಹಳೇದು, 2013” ಎಂದನು. ಹದಿನಾರರ ಅವನಿಗೆ ಅವನ ಶೈಶವವೇ ಪ್ರಾಚೀನ ಕಾಲ. ನೆನಪಿನ ಭಾರವಿಲ್ಲದೆ ಅವನು ಅದನ್ನು ಕೇಳುತ್ತಿದ್ದನು. ನಾನೋ ಹಾಡನ್ನು ಕೇಳುತ್ತಿದ್ದೆನೆಂಬ ನೆಪದಲ್ಲಿ ನನ್ನ ಇಪ್ಪತ್ತೆರಡನೆಯ ವರ್ಷವನ್ನು ಕೇಳುತ್ತಿದ್ದೆನು. ಎಂಬತ್ತರ ಅಕ್ಕನು ಅವರೆಕಾಯಿ ಸುಲಿಯುತ್ತ ಕುಳಿತಿದ್ದವಳು, ಎರಡು ಹಾಡುಗಳನ್ನು ತಾಳ್ಮೆಯಿಂದ ಆಲಿಸಿ, “ಕೋಲಾಟದಂಗೇ ಅದೆ ಕಣೋ, ಕೋಲ್ ಮಾತ್ರ ಕಾಣಾಕಿಲ್ಲ” ಎಂದಳು. ಅವಳ ಮಾತನ್ನು ನಾನು ವಿನೋದವೆಂದು ತಳ್ಳಿಹಾಕಲಿಲ್ಲ. ಯೋಚಿಸಿದಷ್ಟೂ ಅದು ಶಾಸ್ತ್ರಸಮ್ಮತವಾಗಿಯೇ ಕಂಡಿತು. ಡಿಸ್ಕೊವಿನ ನಡೆ ನಿಮಿಷಕ್ಕೆ ಸುಮಾರು 120 ಮಾತ್ರೆ; ದೊಡ್ಡ ಡ್ರಮ್ಮು ಪ್ರತಿಯೊಂದು ಮಾತ್ರೆಯ ಮೇಲೂ ತಪ್ಪದೆ ಬೀಳುವುದರಿಂದ ಹೊಸಬನ ಕಾಲಿಗೂ ಎಡವುವ ಭಯವಿಲ್ಲ. ಮಾತ್ರೆ ಮಾತ್ರೆಯ ನಡುವಣ ಸಂದಿಯಲ್ಲಿ ಕಂಚಿನ ತಾಳವು ಕಿಲುಕಿಲು ಎನ್ನುವುದು. ಫಂಕಿನ ಗಿಟಾರಿನವನು ತಂತಿಯನ್ನು ಅರ್ಧ ಒತ್ತಿ ಅರ್ಧ ಬಿಟ್ಟು, ಸ್ವರಕ್ಕಿಂತ ಹೆಚ್ಚಾಗಿ ತಟ್ಟನೆ ಕಡಿದ ಸದ್ದನ್ನೇ ಹೊರಡಿಸುವನು. ಕೋಲಿಗೆ ಕೋಲು ತಾಗಿದಾಗ ಹುಟ್ಟುವ ಸದ್ದಿನ ಗುಣವೇ ಅದು. ಅಕ್ಕಿಹೆಬ್ಬಾಳಿನ ಎ.ಎನ್. ಮೂರ್ತಿರಾಯರು ಇಳಿವಯಸ್ಸಿನಲ್ಲಿ ಕಂಡ ಅಮೆರಿಕವನ್ನು ‘ಅಪರವಯಸ್ಕನ ಅಮೆರಿಕಾ ಯಾತ್ರೆ’ಯೆಂದು ಕರೆದುಕೊಂಡರು, ನಮ್ಮ ಅಕ್ಕನೂ ಆ ಮಧ್ಯಾಹ್ನ ಅವರೆಕಾಯಿಯ ಮೊರ ಬಿಟ್ಟೇಳದೆ ಅಂಥದೊಂದು ಯಾತ್ರೆಯನ್ನು ಮುಗಿಸಿದಳು.

ಹಾಗಾದರೆ ಯಂತ್ರ ಕೆಟ್ಟದ್ದು, ಕೈ ಒಳ್ಳೆಯದು ಎಂದು ನಾನು ಸಾರಹೊರಟೆನೆ? ಶ್ರೀರಂಗಪಟ್ಟಣದ ಮಣ್ಣಿನವನಿಗೆ ಆ ಮಾತು ಒಪ್ಪದು. ಟಿಪ್ಪುವಿನ ಅರಮನೆಯಲ್ಲಿ ಮರದ ಹುಲಿಯೊಂದಿತ್ತು. ಅದು ಐರೋಪ್ಯನೊಬ್ಬನ ಮೇಲೆರಗಿ ನಿಂತ ಆಳೆತ್ತರದ ಬೊಂಬೆ. ಅದರ ಹೊಟ್ಟೆಯಲ್ಲಿ ಸ್ವರಗಳ ಮೆಟ್ಟಿಲಿರುವ ಆರ್ಗನ್ನು. ಹಿಡಿಕೆಯನ್ನು ತಿರುಗಿಸಿದರೆ ಹುಲಿಯ ಗುಡುಗೂ ಮನುಷ್ಯನ ಆರ್ತನಾದವೂ ಕೇಳಿಬರುವುವು. 1799ರಲ್ಲಿ ಕೋಟೆ ಬಿದ್ದ ಮೇಲೆ ಅದನ್ನು ಲಂಡನ್ನಿಗೆ ಸಾಗಿಸಿ, ಕೆಲವು ವರ್ಷಗಳಲ್ಲಿ ಈಸ್ಟ್ ಇಂಡಿಯಾ ಹೌಸಿನಲ್ಲಿ ಸಾರ್ವಜನಿಕರ ದರ್ಶನಕ್ಕಿಟ್ಟರು. ಬಂದವರೆಲ್ಲ ಹಿಡಿಕೆ ತಿರುಗಿಸಿ ಹಿಗ್ಗಿದರೆ, ಅಲ್ಲಿಯ ಗ್ರಂಥಾಲಯದಲ್ಲಿ ಓದುತ್ತಿದ್ದ ವಿದ್ವಾಂಸರು ಈ ಗದ್ದಲದಿಂದ ತಮ್ಮ ಅಧ್ಯಯನ ಕೆಡುತ್ತದೆಂದು ದೂರಿತ್ತರು. ಎದ್ದು ಬಂದವರಿಗೆ ಆನಂದ, ಕುಳಿತವರಿಗೆ ಉಪದ್ರವ! ಇಂದು ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿ ಗಾಜಿನ ಹಿಂದೆ ಮೌನವಾಗಿರುವ ಆ ಹುಲಿ ಯಂತ್ರವೇ ಹೌದು; ಆದರೆ ಹಿಡಿಕೆಗೆ ಒಬ್ಬನ ಕೈ ಬೇಕಾಗಿತ್ತು, ಕೈ ನಿಧಾನಿಸಿದರೆ ಹುಲಿಯೂ ನಿಧಾನಿಸುತ್ತಿತ್ತು. ಮುಂಬಯಿಯ ವಾದಕ ಚರಣಜೀತ್ ಸಿಂಗರು 1982ರಲ್ಲಿ ಭೂಪಾಲಿ, ಲಲಿತ್, ಮಾಲಕೌಂಸ ಮುಂತಾದ ಹತ್ತು ರಾಗಗಳನ್ನು ಎಲೆಕ್ಟ್ರಾನಿಕ್ ಯಂತ್ರಗಳ ಮೇಲೆ ಡಿಸ್ಕೊ ತಾಳಕ್ಕೆ ನುಡಿಸಿ ಮುದ್ರಿಸಿದಾಗ ಕೊಳ್ಳುವವರಿರಲಿಲ್ಲ. 2010ರಲ್ಲಿ ಆ ಮುದ್ರಿಕೆಯನ್ನು ವಿದೇಶದಲ್ಲಿ ಮತ್ತೆ ಹೊರಡಿಸಿದಾಗ, ನೃತ್ಯಸಂಗೀತದ ಹೊಸ ಪಂಥವೊಂದನ್ನು ಇವರು ಮುಂಚೆಯೇ ಕಂಡಿದ್ದರಲ್ಲವೆ ಎಂದು ಕೇಳುಗರು ಬೆರಗಾದರು. ಯಂತ್ರದೊಳಗೆ ರಾಗದ ಸಂಚಾರವನ್ನು ನಡೆಸಿದ್ದು ಅವರ ಕೈ. ನನ್ನ ಆಕ್ಷೇಪವೇನಿದ್ದರೂ ಯಾರ ಕೈಗೂ ಕಾಯದ, ಯಾರ ಕಾಲನ್ನೂ ನೋಡದ ಪೆಟ್ಟಿಗೆಯ ಮೇಲೆ.

ನಾಗಮಂಗಲದ ಕಡೆಯ ಒಂದು ಊರಹಬ್ಬದಲ್ಲಿ ನಾನು ಕಂಡದ್ದನ್ನು ಹೇಳಿದರೆ ನನ್ನ ಮಾತು ವಿಶದವಾದೀತು. ಬಿದಿರಿನ ಚೌಕಟ್ಟಿಗೆ ಬಣ್ಣದ ಸೀರೆ ಸುತ್ತಿ ದೇವಿಯ ಮುಖ ಕಟ್ಟಿದ ಪೂಜೆಯನ್ನು ತಲೆಯ ಮೇಲೆ ಹೊತ್ತು, ಕೈ ಮುಟ್ಟಿಸದೆ ಕುಣಿಯುವ ಪೂಜಾಕುಣಿತದವರು ಗುಡಿಯ ಮುಂದೆ ಸೇರಿದ್ದರು. ಬೀದಿಯ ಇನ್ನೊಂದು ತುದಿಯಲ್ಲಿ ಲಾರಿಯ ಮೇಲೆ ಮನೆಯೆತ್ತರಕ್ಕೆ ಪೇರಿಸಿದ ಡಿಜೆ ಪೆಟ್ಟಿಗೆಗಳು. ಅವುಗಳ ಗುದ್ದಿಗೆ ಮನೆಗಳ ಹೆಂಚು ಅದುರುತ್ತಿತ್ತು. ಹುಡುಗರು ಕುಣಿಯುತ್ತಿದ್ದರು, ಅದನ್ನು ಅಲ್ಲಗಳೆಯಲಾರೆ. ಆದರೆ ಮುಕ್ಕಾಲು ಗಂಟೆ ಒಂದೇ ನಡೆಯಲ್ಲಿ ಕುಣಿದು, ಒಬ್ಬೊಬ್ಬರಾಗಿ ಸೋತು ಪಕ್ಕಕ್ಕೆ ಸರಿದರು, ಪೆಟ್ಟಿಗೆ ಮಾತ್ರ ಸರಿಯಲಿಲ್ಲ. ಅದು ನಿಂತ ಮೇಲೆ ತಮಟೆಯವರು ಹುಲ್ಲಿಗೆ ಬೆಂಕಿ ಮಾಡಿ ಚರ್ಮವನ್ನು ಕಾಯಿಸಿ ಬಿಗಿ ಮಾಡಿಕೊಂಡು ಬಂದರು. ಪೂಜೆ ಹೊತ್ತವನ ಹೆಜ್ಜೆ ಭಾರವಾದಾಗ ಅವರ ಏಟು ಅವನ ಹತ್ತಿರಕ್ಕೆ ಬಂದು ಅವನನ್ನು ಕೈಹಿಡಿದು ನಡೆಸಿತು. ಅವನಿಗೆ ಹುರುಪು ಮರಳಿದೊಡನೆ ಏಟು ಮುಂದೋಡಿ ಅವನನ್ನು ಕೆಣಕಿತು. ಅಂಚಿನಲ್ಲಿ ನಿಂತಿದ್ದ ಮುದುಕನೊಬ್ಬನ ಭುಜ ಅಲುಗಿದ್ದನ್ನು ಕಂಡ ತಮಟೆಯವನೊಬ್ಬನು ಅವನೆದುರಿಗೇ ಹೋಗಿ ನಿಂತು, ಅವನು ಎರಡು ಹೆಜ್ಜೆ ಹಾಕುವ ತನಕ ಬಿಡಲಿಲ್ಲ. ಕುಣಿತ ಮುಗಿದ ಮೇಲೆ ಆ ತಮಟೆಯವನನ್ನು ಡಿಜೆಯ ವಿಷಯ ಕೇಳಿದೆನು. “ಪೆಟ್ಗೆ ಕುಣಿಯೋರ ಕಾಲ್ ನೋಡಾಕಿಲ್ಲ ಸಾಮಿ. ನಾವು ಕಾಲ್ ನೋಡ್ಕಂಡೇ ಬಡಿಯದು” ಎಂದನು. ಆ ಎರಡು ಮಾತಿನಲ್ಲಿ ನೃತ್ಯಸಂಗೀತದ ಸಮಗ್ರ ಮೀಮಾಂಸೆಯಿದೆ. ಯಂತ್ರಮಾನವರ ವೇಷ ತೊಟ್ಟ ಆ ಇಬ್ಬರು ಫ್ರೆಂಚರು ಕೋಟಿಗಟ್ಟಲೆ ಜನರನ್ನು ಕುಣಿಸಿದ ಬಳಿಕವೂ ಡ್ರಮ್ಮು ಬಡಿಯುವ ಮನುಷ್ಯನನ್ನು ಏಕೆ ಹುಡುಕಿಕೊಂಡು ಹೋದರೆಂಬ ಪ್ರಶ್ನೆಗೆ, ಬಹುಶಃ, ಉತ್ತರವೂ ಇದೆ.

ಇಂಥ ಮೀಮಾಂಸಕನನ್ನು ನಾವು ನಡೆಸಿಕೊಂಡ ಬಗೆಯಾದರೂ ಎಂಥದು? ತಮಟೆಯಿಲ್ಲದೆ ದೇವರು ಗುಡಿಯಿಂದ ಹೊರಡುವಂತಿಲ್ಲ. ತಮಟೆ ಬಡಿಯುವವನು ಗುಡಿಯೊಳಕ್ಕೆ ಬರುವಂತಿಲ್ಲ ಎಂಬ ಕಾಲವು ಎಲ್ಲ ಊರುಗಳಲ್ಲಿಯೂ ಮುಗಿದಿದೆಯೆಂದು ಎದೆ ಮುಟ್ಟಿಕೊಂಡು ಹೇಳಬಲ್ಲವರು ಎಷ್ಟು ಮಂದಿ? ಶಿಕಾಗೊದವರು ತಟ್ಟೆ ಸಿಡಿಸಿದ್ದನ್ನು ಓದಿ ತಲೆಯಲ್ಲಾಡಿಸುವ ನಾವು, ಆ ಚರ್ಮದ ಸದ್ದನ್ನು ಬಯಸುತ್ತಲೇ ಅದನ್ನು ಹೊರಡಿಸುವ ಕೈಯನ್ನು ತಲೆಮಾರುಗಳ ಕಾಲ ದೂರವಿಟ್ಟವರು. ತಮಟೆಯವರ ಮನೆಯ ಎಳೆಯರು ಈ ಕಸುಬು ಬೇಡವೆಂದರೆ ಅದು ಅವರ ಸ್ವಾಭಿಮಾನದ ಮಾತು. ಅವರನ್ನು ದೂರುವ ಅಧಿಕಾರ ನಮಗಿಲ್ಲ. ಚಿಕ್ಕಬಳ್ಳಾಪುರದ ಸೀಮೆಯ ತಮಟೆ ಕಲಾವಿದ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಸಂದದ್ದು ಹಿರಿಯ ಮಾತೇ. ಆದರೆ ದಿಲ್ಲಿಯ ಪದಕವು ಊರ ಬೀದಿಯ ಮರ್ಯಾದೆಗೆ ಬದಲಿಯಾಗಲಾರದು. ಶಿಕಾಗೊದಲ್ಲಿ ಹಾಡಿನ ತಟ್ಟೆಗಳು ಚೂರಾದ ಆ 1979ರಲ್ಲಿಯೇ ನಾಗಮಂಗಲ ಸೀಮೆಯ ಎಚ್.ಎಲ್. ನಾಗೇಗೌಡರು ಕರ್ನಾಟಕ ಜಾನಪದ ಪರಿಷತ್ತನ್ನು ಕಟ್ಟಿ, ಹಳ್ಳಿಹಳ್ಳಿಯ ಹಾಡು ಕುಣಿತಗಳನ್ನು ಕೂಡಿಡುವ ಕಾರ್ಯಕ್ಕೆ ಮೊದಲಿಟ್ಟರು. ಕೂಡಿಟ್ಟದ್ದು ಮ್ಯೂಸಿಯಮ್ಮಿನ ಗಾಜಿನ ಹಿಂದೆ ಆ ಹುಲಿಯಂತೆ ಮೌನವಾಗಿ ನಿಲ್ಲಬಾರದೆಂದಿದ್ದರೆ, ಉಳಿದ ಕೆಲಸವು ನಮ್ಮ ಊರುಗಳದು.

ಕೆಲಸವೂ ದುಸ್ಸಾಧ್ಯವಾದುದಲ್ಲ. ಹಬ್ಬಕ್ಕೂ ಜಾತ್ರೆಗೂ ಗಣೇಶನ ಮೆರವಣಿಗೆಗೂ ಚಂದಾ ಎತ್ತುವ ಮಂಡಳಿಗಳು ನಮ್ಮ ಸೀಮೆಯ ತಾಲ್ಲೂಕುಗಳಲ್ಲಿ ಬೀದಿಗೊಂದಿವೆ. ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ ಧ್ವನಿವರ್ಧಕ ಕೂಡದೆಂಬ ಕಾನೂನು 2000ದಿಂದಲೂ ಜಾರಿಯಲ್ಲಿದ್ದು, ಪ್ರತಿವರ್ಷ ಪೊಲೀಸರೂ ಮಂಡಳಿಯವರೂ ಅದರ ಮೇಲೆ ಜಗಳ ಕಾಯುವರು. ನನ್ನ ಸೂಚನೆ ಆ ಜಗಳಕ್ಕೆ ಹೊರಗಿನದು. ಪೆಟ್ಟಿಗೆಯ ಬಾಡಿಗೆಗೆಂದು ಎತ್ತುವ ಹಣದಲ್ಲಿ ಅರ್ಧವನ್ನಾದರೂ ನುಡಿಸುವ ಕೈಗಳಿಗೆ ಕೊಡಿ: ತಮಟೆ ನಗಾರಿಗಳವರಿಗೆ, ಮತ್ತು ನಮ್ಮ ರಸಮಂಜರಿ ಮೇಳಗಳಲ್ಲಿ ಇನ್ನೂ ಉಳಿದಿರುವ ಡ್ರಮ್ಮು, ತಬಲ, ಕೀಬೋರ್ಡಿನವರಿಗೆ. ರಸಮಂಜರಿಯಲ್ಲಿಯೂ ಈಚೆಗೆ ಹಿನ್ನೆಲೆಯನ್ನೆಲ್ಲ ಮೊದಲೇ ಮುದ್ರಿಸಿಟ್ಟ ಟ್ರ್ಯಾಕಿನಿಂದ ಹೊರಡಿಸಿ, ಹಾಡುವವನೊಬ್ಬನನ್ನೇ ಮುಂದೆ ನಿಲ್ಲಿಸುವ ರೂಢಿ ಬೆಳೆಯುತ್ತಿದೆ. ಜನ ‘ಒನ್ಸ್‌ಮೋರ್’ ಎಂದು ಕೂಗಿದರೆ ಟ್ರ್ಯಾಕು ಮೊದಲಿನಿಂದ ಶುರುವಾಗುವುದೇ ಹೊರತು, ಜನಕ್ಕೆ ಬೇಕಾದ ಆ ಎರಡು ಆವರ್ತವನ್ನು ಹಿಗ್ಗಿಸಿ ನುಡಿಸಲು ಅದಕ್ಕೆ ಬಾರದು. ಹಾಡು ಹಳೆಯದೋ ಹೊಸದೋ, ಜಾನಪದವೋ ಡಿಸ್ಕೊವೋ, ಅದನ್ನು ಹುಡುಗರೇ ಆರಿಸಲಿ. ತಾತಂದಿರು ಅದರಲ್ಲಿ ಕೈಯಿಡುವುದು ಬೇಡ. ತಮಟೆಯವನೂ ಡ್ರಮ್ಮಿನವನೂ ಒಂದೇ ಹಂದರದಡಿಯಲ್ಲಿ ಕೂಡಿ ಆ ‘ಗೀತಾ’ ಚಿತ್ರದ ಹಾಡನ್ನು ನುಡಿಸಿದರೆ ಹೇಗಿದ್ದೀತೆಂದು ಊಹಿಸಿಕೊಂಡಾಗಲೆಲ್ಲ ನನಗೆ ಹರೆಯ ಮರಳಿದಂತಾಗುವುದು.

ಆ ಊರಹಬ್ಬದ ರಾತ್ರಿಯ ಕಡೆಯ ಭಾಗವನ್ನು ನಾನಿನ್ನೂ ಹೇಳಿಲ್ಲ. ಅತಿಥಿಯೆಂದು ನನಗೊಂದು ಪ್ಲಾಸ್ಟಿಕ್ ಕುರ್ಚಿಯನ್ನು ಮುಂದಿನ ಸಾಲಿನಲ್ಲಿ ಹಾಕಿದ್ದರು. ಮುದುಕನನ್ನು ಎರಡು ಹೆಜ್ಜೆ ಹಾಕಿಸಿ ಗೆದ್ದ ಆ ತಮಟೆಯವನು ತಿರುಗಿ, ಬಿಳಿಯ ಪಂಚೆಯುಟ್ಟು ಗಂಭೀರವಾಗಿ ಕುಳಿತಿದ್ದ ನನ್ನೆದುರಿಗೆ ಬಂದು ನಿಂತನು. ಮುಖ ನೋಡಲಿಲ್ಲ, ನೇರವಾಗಿ ನನ್ನ ಪಾದವನ್ನು ನೋಡಿದನು. ಪಾಂಡವಪುರದ ಹಾದಿಯಲ್ಲಿ ನನ್ನನ್ನು ಬಯಲಿಗೆಳೆದ ಆ ಪಾದವೇ ಇಲ್ಲಿಯೂ ಬಯಲಿಗೆಳೆಯಿತು. ಅವನು ಏಟನ್ನು ತಗ್ಗಿಸಿ, ನನ್ನ ಮಂಡಿಯ ಯೋಗ್ಯತೆಗೆ ತಕ್ಕಷ್ಟು ನಿಧಾನಕ್ಕೆ ಇಳಿಸಿ, ಕಾದು ನಿಂತನು. ಕುಣಿದೆನೆಂದು ಹೇಳಿದರೆ ಸುಳ್ಳಾದೀತು. ಆದರೆ ಐವತ್ತು ವರ್ಷ ಕುಳಿತೇ ತೀರ್ಪು ಬರೆದವನು ಅಂದು ಕುರ್ಚಿಯನ್ನು ಬಿಟ್ಟೆದ್ದೆನು. ಪಕ್ಕದ ಹುಡುಗನೊಬ್ಬನು ಆ ಕುರ್ಚಿಯನ್ನು ಎತ್ತಿ, ಕುಣಿಯುವವರಿಗೆ ಜಾಗವಾಗಲೆಂದು, ಹಿಂದಕ್ಕೆ ಸಾಗಿಸಿದನು.